ಬೇರೆ ಕೋರ್ಟು, ಬೇರೆ ಭಾಷೆ: ವಕೀಲರಿಗೆ ಪಾಟೀಸವಾಲು ಕಲಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಕಿರಿಯ ವಕೀಲರ ಒಂದು ಶಿಬಿರದಲ್ಲಿ ನಾನು ಪೆದ್ದ ಕೆಲಸ ಮಾಡಿದೆ. ಅಮೆರಿಕದ ತರಬೇತಿ ವೀಡಿಯೊ ಹಾಕಿ ತೋರಿಸಿದೆ. ಅದರಲ್ಲಿ ವಕೀಲ ಜ್ಯೂರಿಯ ಮುಂದೆ ಅತ್ತಿಂದಿತ್ತ ಓಡಾಡುತ್ತಾನೆ, ನಿಲ್ಲುತ್ತಾನೆ, ಧ್ವನಿ ಇಳಿಸುತ್ತಾನೆ. ಎಲ್ಲರೂ ಬಾಯಿ ಬಿಟ್ಟು ನೋಡಿದರು. ಮುಗಿದ ಮೇಲೆ ತಾಲೂಕು ಕೋರ್ಟಿನ ಒಬ್ಬ ಹುಡುಗ ಕೈ ಎತ್ತಿದ. "ಸರ್, ನಮ್ಮಲ್ಲಿ ಜ್ಯೂರಿ ಇಲ್ಲ. ಓಡಾಡೋಕೆ ಜಾಗಾನೂ ಇಲ್ಲ. ಸಾಕ್ಷಿ ಹೇಳಿದ್ದನ್ನ ಸಾಹೇಬ್ರು ಟೈಪಿಸ್ಟ್‌ಗೆ ಹೇಳಿ ಬರೆಸ್ತಾರಲ್ಲ, ಅದರ ಬಗ್ಗೆ ಯಾವಾಗ ಹೇಳ್ತೀರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ವಾದದ ಕೌಶಲ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಅದರ ಜೊತೆ ಬರುವ ಹಾವಭಾವ ಹೋಗುವುದಿಲ್ಲ. ಕಲಿಸುವವರು ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಬರುತ್ತಾರೆ, ಕಲಿಯುವವರು ಗಂಟನ್ನೇ ವಾಪಸ್ ಕಳಿಸುತ್ತಾರೆ. ಬೇರೆ ರಾಜ್ಯದ, ಬೇರೆ ದೇಶದ ವಕೀಲರಿಗೆ ಕಲಿಸಲು ಹೊರಟವರು ಆ ಗಂಟನ್ನು ಮೊದಲೇ ಬಿಚ್ಚಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಎರಡು ದಿನ ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂರಿ

ಪಾಠ ತಯಾರು ಮಾಡುವ ಮೊದಲು ಆ ಊರಿನ ಕೋರ್ಟಿಗೆ ಹೋಗಿ. ಕಾನೂನು ಪುಸ್ತಕ ಆಮೇಲೆ ಓದಿದರಾಯಿತು. ಬೆಂಚಿನಲ್ಲಿ ಕೂತು ನಾಲ್ಕು ವಿಷಯ ಗಮನಿಸಿ.

ಮೊದಲನೆಯದು, ಪ್ರಶ್ನೆ ಕೇಳುವವರು ಯಾರು? ನಮ್ಮಲ್ಲಿ, ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ವಕೀಲರು ಕೇಳುತ್ತಾರೆ. ಜರ್ಮನಿಯ ಕ್ರಿಮಿನಲ್ ಕೋರ್ಟಿನಲ್ಲಿ ಅಧ್ಯಕ್ಷ ನ್ಯಾಯಾಧೀಶರೇ ಫೈಲು ಓದಿಕೊಂಡು ಬಂದು ಸಾಕ್ಷಿಯನ್ನು ಕೇಳುತ್ತಾರೆ. ವಕೀಲರ ಸರದಿ ಬರುವುದು ಆಮೇಲೆ. ವಕೀಲರೇ ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಮಾಡುವ ಅವಕಾಶ ಅವರ ಸಂಹಿತೆಯಲ್ಲೂ ಇದೆ, ಆದರೆ ಬಳಸುವವರು ಇಲ್ಲವೇ ಇಲ್ಲ ಅನ್ನಬಹುದು. ಫ್ರಾನ್ಸಿನಲ್ಲಿ ಆರೋಪಿ ಪರ ವಕೀಲರು 2000ದ ಕಾನೂನು ತಿದ್ದುಪಡಿಯ ತನಕ ಸಾಕ್ಷಿಗೆ ನೇರವಾಗಿ ಪ್ರಶ್ನೆ ಕೇಳುವಂತಿರಲಿಲ್ಲ, ನ್ಯಾಯಾಧೀಶರ ಮೂಲಕ ಕೇಳಿಸಬೇಕಿತ್ತು. ಅಂಥ ಕಡೆ ಹೋಗಿ ಮೂರು ಗಂಟೆ ಪಾಟೀಸವಾಲಿನ ಪಾಠ ಮಾಡಿದರೆ ಈಜುಕೊಳ ಇಲ್ಲದ ಊರಲ್ಲಿ ಈಜು ಕಲಿಸಿದಂತೆ.

ಎರಡನೆಯದು, ತೀರ್ಪು ಕೊಡುವವರು ಯಾರು? ಇಂಗ್ಲೆಂಡಿನ ಕ್ರೌನ್ ಕೋರ್ಟಿನಲ್ಲಿ 12 ಜನ ಸಾಮಾನ್ಯರ ಜ್ಯೂರಿ. ಜಪಾನಿನಲ್ಲಿ 2009ರ ಮೇ ತಿಂಗಳಿಂದ ಗಂಭೀರ ಅಪರಾಧಗಳಿಗೆ 3 ನ್ಯಾಯಾಧೀಶರು ಮತ್ತು 6 ಜನ ಸಾಮಾನ್ಯ ನಾಗರಿಕರು ಒಟ್ಟಿಗೆ ಕೂರುತ್ತಾರೆ. ನಮ್ಮಲ್ಲಿ ಒಬ್ಬರೇ ನ್ಯಾಯಾಧೀಶರು. ಬೆಳಿಗ್ಗೆಯಿಂದ ಎಷ್ಟೋ ಕೇಸು ಕೂಗಿಸಿ ಸುಸ್ತಾಗಿರುತ್ತಾರೆ. ಮೂರೂ ಕಡೆ ಒಂದೇ ಥರ ಮಾತಾಡಲು ಆಗುತ್ತದಾ?

ಮೂರನೆಯದು ಆ ಹುಡುಗ ಕೇಳಿದ್ದು. ಸಾಕ್ಷಿಯ ಮಾತು ದಾಖಲಾಗುವುದು ಹೇಗೆ? ಕೆಲವು ದೇಶಗಳಲ್ಲಿ ಪ್ರಶ್ನೆ, ಉತ್ತರ ಎರಡನ್ನೂ ಅಕ್ಷರಶಃ ಇಳಿಸಿಕೊಳ್ಳುತ್ತಾರೆ ಅಥವಾ ಧ್ವನಿಮುದ್ರಣ ಮಾಡುತ್ತಾರೆ. ಕರ್ನಾಟಕದ ವಿಚಾರಣಾ ಕೋರ್ಟಿನಲ್ಲಿ ಸಾಮಾನ್ಯವಾಗಿ ಪ್ರಶ್ನೆ ಮಾಯವಾಗುತ್ತದೆ, ಉತ್ತರ ಮಾತ್ರ ಕಥನದ ರೂಪದಲ್ಲಿ ಉಳಿಯುತ್ತದೆ. "ನಾನು ಆ ದಿನ ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ." ಅಂದರೆ ವಕೀಲರು 'ನೀವು ಅಲ್ಲಿ ಇರಲಿಲ್ಲ' ಅಂದರು, ಸಾಕ್ಷಿ ಒಪ್ಪಲಿಲ್ಲ. ಈ 'ಎಂದರೆ ಸರಿಯಲ್ಲ' ನಮ್ಮ ಕೋರ್ಟಿನ ಕನ್ನಡದ ಮುದ್ರೆ. ಮೇಲ್ಮನವಿ ಕೋರ್ಟು ಓದುವುದು ಈ ಕಾಗದವನ್ನು. ನಿಮ್ಮ ಧ್ವನಿಯ ಏರಿಳಿತ ಅಲ್ಲಿಗೆ ತಲುಪುವುದೇ ಇಲ್ಲ.

ನಾಲ್ಕನೆಯದು, ವಕೀಲರು ಸಾಕ್ಷಿಯನ್ನು ಮೊದಲೇ ಭೇಟಿ ಮಾಡಿ ತಯಾರು ಮಾಡಬಹುದಾ? ಇದು ಕೂತು ನೋಡಿದರೆ ಗೊತ್ತಾಗುವುದಿಲ್ಲ. ಅಲ್ಲಿನ ವಕೀಲರನ್ನು ಚಹಾ ಹೊತ್ತಿನಲ್ಲಿ ಕೇಳಬೇಕು. ಅಮೆರಿಕದಲ್ಲಿ ಸಾಕ್ಷಿಯನ್ನು ಕೂರಿಸಿಕೊಂಡು ಪ್ರಶ್ನೋತ್ತರ ಅಭ್ಯಾಸ ಮಾಡಿಸುವುದು ವಕೀಲರ ಕರ್ತವ್ಯದ ಭಾಗ. ಇಂಗ್ಲೆಂಡಿನಲ್ಲಿ ಅದೇ ಕೆಲಸ ತಪ್ಪು. 2005ರ ಮೊಮೊಡು ತೀರ್ಪಿನಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಕ್ರಿಮಿನಲ್ ಕೇಸಿನಲ್ಲಿ ಸಾಕ್ಷಿಗೆ ಪಾಠ ಹೇಳಿಕೊಡಬಾರದು ಅಂತ ಖಡಾಖಂಡಿತ ಹೇಳಿತು. ಕೋರ್ಟು ಹೇಗಿರುತ್ತದೆ, ಎಲ್ಲಿ ನಿಲ್ಲಬೇಕು ಅಂತ ಪರಿಚಯ ಮಾಡಿಸಬಹುದು, ಅಷ್ಟೇ. ನೀವು ಅಮೆರಿಕದ ಅಭ್ಯಾಸವನ್ನು ಲಂಡನ್ನಿನಲ್ಲಿ ಕಲಿಸಿದರೆ ನಿಮ್ಮ ವಿದ್ಯಾರ್ಥಿ ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಾದೀತು.

ಹೆಜ್ಜೆ 2: ನಿಮ್ಮ 'ಎಂದೂ ಮಾಡಬೇಡಿ' ಪಟ್ಟಿಯನ್ನು ಅನುಮಾನದಿಂದ ನೋಡಿ

ಪ್ರತಿಯೊಬ್ಬ ತರಬೇತುದಾರನ ಜೇಬಲ್ಲೂ ಇಂಥ ಪಟ್ಟಿ ಇರುತ್ತದೆ. ಅದರಲ್ಲಿ ಅರ್ಧದಷ್ಟು ಅವನ ದೇಶದ ಕಾನೂನಿನಿಂದ ಹುಟ್ಟಿದ್ದು, ಅದು ಅವನಿಗೇ ಮರೆತಿರುತ್ತದೆ.

ಒಂದು ಉದಾಹರಣೆ. ಅಮೆರಿಕದ ಫೆಡರಲ್ ನಿಯಮದಲ್ಲಿ ಪಾಟೀಸವಾಲು ಸಾಮಾನ್ಯವಾಗಿ ಮುಖ್ಯ ವಿಚಾರಣೆಯಲ್ಲಿ (ಸಾಕ್ಷಿಯನ್ನು ಕರೆಸಿದ ಪಕ್ಷದ ವಕೀಲರು ಮೊದಲು ಕೇಳುವಾಗ) ಬಂದ ವಿಷಯಕ್ಕೇ ಸೀಮಿತ. ನಮ್ಮ ಭಾರತೀಯ ಸಾಕ್ಷ್ಯ ಅಧಿನಿಯಮದ 143ನೇ ಕಲಂ ಆ ಬೇಲಿ ಹಾಕುವುದಿಲ್ಲ. ವಿಷಯ ಪ್ರಸ್ತುತವಾಗಿದ್ದರೆ ಸಾಕು.

ಇನ್ನೊಂದು ಇದಕ್ಕಿಂತ ಅಪಾಯದ್ದು. 'ಸಾಕ್ಷಿ ಒಪ್ಪದ ವಿಷಯವನ್ನು ಅವನ ಮುಂದೆ ಇಡಲೇಬೇಡಿ' ಅಂತ ಅಮೆರಿಕದಿಂದ ಬಂದವರು ಹೇಳುತ್ತಾರೆ. ಅಲ್ಲಿಗೆ ಅದು ಸರಿ. ಆದರೆ ಬ್ರಿಟಿಷ್ ಮೂಲದ ಪದ್ಧತಿಗಳಲ್ಲಿ 1893ರ ಬ್ರೌನ್ ವಿರುದ್ಧ ಡನ್ ತೀರ್ಪಿನ ನಿಯಮ ಇದೆ. ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ ಅಂತ ಆಮೇಲೆ ವಾದಿಸುವುದಾದರೆ ಅದನ್ನು ಅವನ ಮುಖಕ್ಕೇ ಇಟ್ಟು ಉತ್ತರಿಸಲು ಅವಕಾಶ ಕೊಡಬೇಕು. ನಮ್ಮ ವಕೀಲರು 'ಸಜೆಷನ್ ಹಾಕೋದು' ಅನ್ನುವುದು ಇದಕ್ಕೇ. ಸಜೆಷನ್ ಹಾಕದೇ ಬಿಟ್ಟರೆ ಆ ಮಾತನ್ನು ಒಪ್ಪಿಕೊಂಡಂತೆ ಅಂತ ಎದುರು ಪಕ್ಷದವರು ವಾದಿಸುತ್ತಾರೆ. ಹಾಗಾಗಿ ಇಲ್ಲಿ 'ಸಜೆಷನ್ ಬಿಡಿ' ಅಂತ ಕಲಿಸಬೇಡಿ. 'ಸಜೆಷನ್ನನ್ನು ಕೊನೆಗೆ ಇಡಿ, ಚಿಕ್ಕದಾಗಿ ಇಡಿ' ಅಂತ ಕಲಿಸಿ.

ಪಟ್ಟಿಯ ಪ್ರತಿ ಸಾಲಿನ ಮುಂದೆ ಇದು ಯಾವ ಕಾನೂನಿಂದ ಬಂತು ಅಂತ ಬರೆದುಕೊಳ್ಳಿ. ಬರೆಯಲು ಆಗದಿದ್ದರೆ ಅದು ಬರೀ ಅಭ್ಯಾಸ. ಬಿಟ್ಟು ಬನ್ನಿ.

ಹೆಜ್ಜೆ 3: ಒಂದು ಸಣ್ಣ ಕೇಸ್ ಫೈಲು ಕಟ್ಟಿ

ಎಂಟು ಹತ್ತು ಪುಟ ಸಾಕು. ಅದಕ್ಕಿಂತ ದೊಡ್ಡದಾದರೆ ಶಿಬಿರಕ್ಕೆ ಬರುವವರು ಓದಿಕೊಂಡು ಬರುವುದಿಲ್ಲ. ವಕೀಲರು, ಗೊತ್ತಲ್ಲ! ಎರಡೂ ಕಡೆಗೆ ಗೆಲ್ಲುವ ಅವಕಾಶ ಸಮ ಇರಲಿ. ಸಾಕ್ಷಿಗಳು ನಾಲ್ಕೇ ಇರಲಿ. ಒಂದು ನಕ್ಷೆ, ಒಂದು ಫೋಟೊ, ಒಂದು ಹಳೆಯ ಹೇಳಿಕೆ.

ಕಥೆ ಆ ನೆಲದ್ದಾಗಿರಬೇಕು. ನಾನು ಮಲೆನಾಡಿನ ಕಡೆ ಬಳಸುವುದು ಅಡಿಕೆ ಕಳ್ಳತನದ ಕೇಸು. ಗೋದಾಮಿನಿಂದ ಎರಡು ಮೂಟೆ ಹೋಗಿದೆ. ಹಾಲಿನ ಡೇರಿಯ ಕಾರ್ಯದರ್ಶಿ ರಾತ್ರಿ ಮನೆಗೆ ಹೋಗುವಾಗ ಆರೋಪಿ ಮೂಟೆ ಹೊತ್ತುಕೊಂಡು ಹೋಗುವುದನ್ನು ನೋಡಿದ್ದಾನೆ. ಕೋರ್ಟಿನಲ್ಲಿ 'ಟಾರ್ಚ್ ಬೆಳಕಲ್ಲಿ ಮುಖ ನೋಡಿದೆ' ಅನ್ನುತ್ತಾನೆ. ಪೊಲೀಸರ ಮುಂದಿನ ಹೇಳಿಕೆಯಲ್ಲಿ ಟಾರ್ಚಿನ ಸುದ್ದಿಯೇ ಇಲ್ಲ.

ಈ ಟಾರ್ಚ್ ಒಂದರಿಂದಲೇ ಅರ್ಧ ದಿನ ಪಾಠ ಮಾಡಬಹುದು. ನಮ್ಮಲ್ಲಿ ಪೊಲೀಸ್ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ. ಆರೋಪಿ ಪರ ವಕೀಲರು ಅದನ್ನು ಬಳಸಬಹುದಾದದ್ದು ಸಾಕ್ಷಿಯ ಮಾತನ್ನು ವಿರೋಧಿಸಲು ಮಾತ್ರ. ಮೊದಲು ಸಾಕ್ಷಿಯ ಗಮನವನ್ನು ಅತ್ತ ಸೆಳೆಯಬೇಕು, ಆಮೇಲೆ ತನಿಖಾಧಿಕಾರಿ ಬಂದಾಗ ಅವರ ಬಾಯಲ್ಲಿ 'ಸಾಕ್ಷಿ ಟಾರ್ಚಿನ ವಿಷಯ ನನ್ನ ಮುಂದೆ ಹೇಳಿಲ್ಲ' ಅಂತ ಬರಿಸಬೇಕು. ಎರಡನೇ ಅರ್ಧವನ್ನು ಮರೆತರೆ ಮೊದಲ ಅರ್ಧ ದಂಡ. ಅಮೆರಿಕದ ತರಬೇತಿಯಲ್ಲಿ ಹಳೆಯ ಹೇಳಿಕೆಯನ್ನು ಸಾಕ್ಷಿಯ ಕೈಗೆ ಕೊಟ್ಟು, ಓದಿಸಿ, ಅಲ್ಲೇ ಮುಗಿಸುತ್ತಾರೆ. ಆ ನಾಟಕ ನೋಡಲು ಚೆಂದ. ನಮ್ಮ ಹುಡುಗರು ಅದನ್ನೇ ಮಾಡಿ ಕೂತರೆ ಅಂತಿಮ ವಾದದ ದಿನ ಕೈ ಖಾಲಿ.

ಹೆಜ್ಜೆ 4: ಮೊದಲು ಒಂದು ವಾಕ್ಯ ಬರೆಸಿ

ಪ್ರಶ್ನೆ ಬರೆಯುವ ಮೊದಲು ಕೇಸನ್ನು ಒಂದೇ ವಾಕ್ಯದಲ್ಲಿ ಹೇಳಲಿ. "ಕತ್ತಲಲ್ಲಿ ಕಂಡ ಬೆನ್ನಿಗೆ ಊರವರು ಹಳೆಯ ಜಗಳದ ಹೆಸರು ಹಚ್ಚಿದರು." ಇದು ಆರೋಪಿಯ ಕಡೆಯ ವಾಕ್ಯ. ಈ ವಾಕ್ಯಕ್ಕೆ ಕೊಡುಗೆ ಕೊಡದ ಪ್ರಶ್ನೆಯನ್ನು ಹೊಡೆದು ಹಾಕಿಸಿ. ಇದು ಯಾವ ದೇಶದಲ್ಲೂ ಕೆಲಸ ಮಾಡುತ್ತದೆ. ಜರ್ಮನಿಯ ವಕೀಲರಿಗೂ ಬೇಕು, ಚಿಕ್ಕೋಡಿಯ ವಕೀಲರಿಗೂ ಬೇಕು.

ಹೆಜ್ಜೆ 5: ಮುಖ್ಯ ವಿಚಾರಣೆ

ಬೇಗ ಹೇಳಿ ಮುಗಿಸುತ್ತೇನೆ. ಸಿವಿಲ್ ದಾವೆಗಳಲ್ಲಿ 2002ರಿಂದ ನಮ್ಮಲ್ಲಿ ಮುಖ್ಯ ವಿಚಾರಣೆ ಅಫಿಡವಿಟ್ ಮೂಲಕ ನಡೆಯುತ್ತದೆ, ಹಾಗಾಗಿ ಸಿವಿಲ್ ವಕೀಲರಿಗೆ ಬಾಯಿಗಿಂತ ಬರವಣಿಗೆ ಕಲಿಸಬೇಕು. ಸಾಕ್ಷಿಯ ಅಫಿಡವಿಟ್ ವಕೀಲರ ಭಾಷೆಯಲ್ಲಿದ್ದರೆ ಪಾಟೀಸವಾಲಿನ ಮೊದಲ ಪ್ರಶ್ನೆಗೇ ಬಟ್ಟೆ ಕಳಚುತ್ತದೆ. ಕ್ರಿಮಿನಲ್ ಕೇಸಿನಲ್ಲಿ ಯಾರು, ಎಲ್ಲಿ, ಯಾವಾಗ, ಆಮೇಲೆ ಏನಾಯ್ತು ಎಂಬ ತೆರೆದ ಪ್ರಶ್ನೆಗಳ ಅಭ್ಯಾಸ ಮಾಡಿಸಿ. ಲೀಡಿಂಗ್ ಪ್ರಶ್ನೆ (ಉತ್ತರವನ್ನು ತಾನೇ ಸಾಕ್ಷಿಯ ಬಾಯಿಗೆ ಇಡುವ ಪ್ರಶ್ನೆ) ಬಂದ ಕೂಡಲೇ ಮೇಜು ತಟ್ಟುವ ಆಟ ಇಡಿ. ಐದು ನಿಮಿಷದಲ್ಲಿ ಕಲಿಯುತ್ತಾರೆ.

ಹೆಜ್ಜೆ 6: ಪಾಟೀಸವಾಲನ್ನು ಆ ಭಾಷೆಯ ವ್ಯಾಕರಣದಲ್ಲಿ ಕಲಿಸಿ

ಹೆಚ್ಚಿನ ಶಿಬಿರಗಳು ಎಡವುವುದು ಇಲ್ಲೇ. ನಿಯಮ ಎಲ್ಲರಿಗೂ ಗೊತ್ತು: ಒಂದು ಪ್ರಶ್ನೆಗೆ ಒಂದೇ ಸಂಗತಿ. ಆದರೆ ಕನ್ನಡ ಈ ನಿಯಮಕ್ಕೆ ಸುಲಭವಾಗಿ ಬಗ್ಗುವ ಭಾಷೆ ಅಲ್ಲ. ಹೋಗಿ, ನೋಡಿ, ಬಂದು, ಹೇಳಿ ಅಂತ ಎಷ್ಟು ಸಂಗತಿಗಳನ್ನಾದರೂ ಪೋಣಿಸಿ ಕೊನೆಗೆ ಒಂದು ಕ್ರಿಯಾಪದ ಹಾಕಿ ಮುಗಿಸಬಹುದು. ಕಿವಿಗೆ ಅದು ಒಂದೇ ಪ್ರಶ್ನೆ. ನಮ್ಮ ಡೇರಿ ಕಾರ್ಯದರ್ಶಿಗೆ ಒಬ್ಬರು ಕೇಳಿದ ಪ್ರಶ್ನೆ ನೋಡಿ:

"ನೀವು ರಾತ್ರಿ ಎಂಟಕ್ಕೆ ಡೇರಿ ಬಾಗಿಲು ಹಾಕಿ, ದೀಪ ಇಲ್ಲದ ದಾರೀಲಿ ನಡ್ಕೊಂಡು ಬಂದು, ನೂರು ಅಡಿ ದೂರದಿಂದ ಯಾರನ್ನೋ ನೋಡಿ, ಅದು ಆರೋಪೀನೇ ಅಂತ ಊಹೆ ಮಾಡಿ ಪೊಲೀಸರಿಗೆ ಹೇಳಿದ್ರಿ, ಅಲ್ವಾ?"

"ಇಲ್ಲ ಸ್ವಾಮಿ."

ಸಾಕ್ಷಿ ನಿರಾಕರಿಸಿದ್ದು ಯಾವುದನ್ನು? ಊಹೆಯನ್ನು ಮಾತ್ರ. ಆದರೆ ಕಾಗದದ ಮೇಲೆ ಬರುವುದು ಇಡೀ ಸರಪಳಿ, ಕೊನೆಗೆ 'ಎಂದರೆ ಸರಿಯಲ್ಲ'. ದೀಪ ಇಲ್ಲದಿದ್ದುದು, ನೂರು ಅಡಿ ದೂರ, ಅವನು ಖುಷಿಯಾಗಿ ಒಪ್ಪುತ್ತಿದ್ದ ಎಲ್ಲವೂ ನಿರಾಕರಣೆಯ ಖಾತೆಗೆ ಹೋಯಿತು. ಈಗ ಬಿಡಿಸಿ ಕೇಳಿ:

"ಡೇರಿ ಬಾಗಿಲು ಹಾಕಿದ್ದು ರಾತ್ರಿ ಎಂಟಕ್ಕೆ."
"ಹೌದು."
"ಅಲ್ಲಿಂದ ಮನೆಗೆ ನಡ್ಕೊಂಡು ಹೋದ್ರಿ."
"ಹೌದು."
"ಆ ದಾರಿ ಪೂರ್ತಿ ಕತ್ತಲು."
"ಕತ್ತಲೇ ಸ್ವಾಮಿ. ಲೈಟ್ ಕಂಬ ಇಲ್ಲ."

ಮೂರೂ ಒಪ್ಪಿಗೆ. ಮೂರೂ ದಾಖಲು. ವಿದ್ಯಾರ್ಥಿಗಳಿಗೆ ಒಂದು ಸರಳ ಕಸರತ್ತು ಕೊಡಿ: ಪ್ರಶ್ನೆ ಬರೆದು, ಅದರಲ್ಲಿರುವ 'ಇ'ಕಾರದ ಮತ್ತು 'ದು'ಕಾರದ ಕೊಂಡಿಗಳಿಗೆಲ್ಲ (ಹೋಗಿ, ಬಂದು) ಕೆಂಪು ಗೆರೆ ಎಳೆಯಲಿ. ಗೆರೆ ಇದ್ದಲ್ಲೆಲ್ಲ ಪ್ರಶ್ನೆ ತುಂಡು ಮಾಡಲಿ.

ಎರಡನೇ ಬಲೆ 'ಅಲ್ವಾ'. "ಅಲ್ಲಿ ದೀಪ ಇರಲಿಲ್ಲ, ಅಲ್ವಾ?" ಅಂತ ಕೇಳಿದರೆ ಸಾಕ್ಷಿ "ಹೌದು" ಅನ್ನಬಹುದು, "ಇಲ್ಲ" ಅನ್ನಬಹುದು, ಎರಡಕ್ಕೂ ಅರ್ಥ ಒಂದೇ: ದೀಪ ಇರಲಿಲ್ಲ. ನಮಗೆ ಗೊಂದಲ ಇಲ್ಲ. ಆದರೆ ಅದು ಇಂಗ್ಲಿಷಿಗೆ ಹೋಗುವಾಗ 'ಹೌದು' ಎಂಬುದು 'ದೀಪ ಇತ್ತು' ಅಂತ ಆಗುವ ಅಪಾಯ ಇದೆ. ಜಪಾನಿ ಭಾಷೆಯಲ್ಲೂ ಇದೇ ಕಥೆ: ಪ್ರಶ್ನೆಯ ಮಾತನ್ನು ಒಪ್ಪುತ್ತೇನೆ ಎಂಬ ಅರ್ಥದಲ್ಲಿ 'ಹೌದು' ಬರುತ್ತದೆ. ಮದ್ದು ಸುಲಭ. 'ಇಲ್ಲ' ಇರುವ ಪ್ರಶ್ನೆ ಬೇಡ. 'ಕತ್ತಲಿತ್ತು' ಅನ್ನಿ.

ಮೂರನೆಯದು 'ಹೂಂ'. ಹಳ್ಳಿಯ ಸಾಕ್ಷಿ ಪ್ರಶ್ನೆಯ ನಡುವೆ "ಹೂಂ... ಹೂಂ..." ಅನ್ನುತ್ತಾನೆ. ಅದು ಒಪ್ಪಿಗೆ ಅಲ್ಲ, 'ಕೇಳಿಸ್ಕೊಳ್ತಿದ್ದೀನಿ, ಮುಂದೆ ಹೇಳಿ' ಅಂತ. ಕಥೆ ಕೇಳುವಾಗ ಹೂಂಗುಟ್ಟುವ ಜನ ನಾವು. ಅದನ್ನು ಒಪ್ಪಿಗೆ ಅಂತ ಬರೆಸಲು ಹೊರಡುವ ವಕೀಲರನ್ನು ಅಭ್ಯಾಸದಲ್ಲೇ ತಡೆಯಿರಿ.

ನೀವು ಕಲಿಸುವ ಭಾಷೆ ಕನ್ನಡ ಅಲ್ಲದಿದ್ದರೆ? ಅಲ್ಲಿನ ಇಬ್ಬರು ವಕೀಲರನ್ನು ಹಿಂದಿನ ದಿನ ಕೂರಿಸಿಕೊಂಡು ಮೂರೇ ವಿಷಯ ಕೇಳಿ. ನಿಮ್ಮಲ್ಲಿ ಪ್ರಶ್ನೆಗೆ ಬಾಲ ಹೇಗೆ ಕಟ್ಟುತ್ತೀರಿ? ನಿಷೇಧದ ಪ್ರಶ್ನೆಗೆ 'ಹೌದು' ಅಂದರೆ ಏನರ್ಥ? ಒಂದೇ ಉಸಿರಿಗೆ ಎಷ್ಟು ಸಂಗತಿ ಹಿಡಿಸಬಹುದು? ಈ ಮೂರು ಉತ್ತರ ಸಿಕ್ಕರೆ ನಾಳೆಯ ಪಾಠ ತಯಾರು.

ಹೆಜ್ಜೆ 7: ತಿದ್ದುವುದು: ಒಂದು ಸಲಕ್ಕೆ ಒಂದೇ ತಪ್ಪು

ಮಾಡಿ ಕಲಿಯುವ ಪದ್ಧತಿಯನ್ನು ಅಮೆರಿಕದಲ್ಲಿ 1971ರಲ್ಲಿ ಶುರುವಾದ ನೀಟಾ ಸಂಸ್ಥೆ ಜಗತ್ತಿಗೆ ಹರಡಿತು. ತಿದ್ದುವ ವಿಧಾನಕ್ಕೆ ಮಾತ್ರ ನನ್ನ ಓಟು ಆಸ್ಟ್ರೇಲಿಯಾಕ್ಕೆ. ಅಲ್ಲಿ ನ್ಯಾಯಾಧೀಶರಾಗಿದ್ದ ಜಾರ್ಜ್ ಹ್ಯಾಂಪೆಲ್ ರೂಪಿಸಿದ ಆರು ಮೆಟ್ಟಿಲಿನ ವಿಧಾನವನ್ನು ಇಂಗ್ಲೆಂಡಿನ ವಕೀಲರ ತರಬೇತಿಯಲ್ಲೂ ಬಳಸುತ್ತಾರೆ. ಶೀರ್ಷಿಕೆ, ಮರುನುಡಿ, ಕಾರಣ, ಪರಿಹಾರ, ಮಾಡಿ ತೋರಿಸುವುದು, ಮತ್ತೆ ಮಾಡಿಸುವುದು. ನಿಜವಾದ ಅಭ್ಯಾಸದಲ್ಲಿ ಅದು ಹೀಗೆ ಕೇಳಿಸುತ್ತದೆ:

"ನಾನು ಮಾತಾಡೋದು ಒಂದೇ ವಿಷಯ: ನಿಮ್ಮ ಪ್ರಶ್ನೆಯ ಬಾಲ." (ಶೀರ್ಷಿಕೆ.)

"ನೀವು ಕೇಳಿದ್ದು ಹೀಗೆ: 'ನಿಮಗೆ ಮುಖ ಕಾಣಿಸಿತು ಅಂತ ಹೇಗೆ ಹೇಳ್ತೀರಿ?'" (ಮರುನುಡಿ. ಇಲ್ಲಿ ಅವರದೇ ಪದ ಬೇಕು. ನಿಮ್ಮ ಸಾರಾಂಶ ಬೇಡ. ಬರೆದುಕೊಳ್ಳದೆ ಇದು ಸಾಧ್ಯವಿಲ್ಲ, ಪೆನ್ನು ಕೈಯಲ್ಲೇ ಇರಲಿ.)

"ಇದು ಬಾಗಿಲು ತೆರೆಯುವ ಪ್ರಶ್ನೆ. ಸಾಕ್ಷಿ ಟಾರ್ಚಿನ ಕಥೆಯನ್ನ ಮತ್ತೊಮ್ಮೆ, ಇನ್ನೂ ಚೆನ್ನಾಗಿ ಹೇಳಿದ. ನ್ಯಾಯಾಧೀಶರು ಎರಡು ಸಲ ಬರೆಸಿಕೊಂಡರು." (ಕಾರಣ.)

"ಪಾಟೀಸವಾಲಲ್ಲಿ ಹೇಗೆ, ಯಾಕೆ ಬೇಡ. ಸಂಗತಿ ನೀವು ಹೇಳಿ, ಒಪ್ಪಿಗೆ ಮಾತ್ರ ಅವನು ಹೇಳಲಿ." (ಪರಿಹಾರ.)

ಆಮೇಲೆ ನೀವೇ ನಿಂತು ಎರಡೇ ಪ್ರಶ್ನೆ ಕೇಳಿ ತೋರಿಸಿ. "ಟಾರ್ಚಿನ ವಿಷಯ ಇವತ್ತು ಕೋರ್ಟಲ್ಲಿ ಹೇಳಿದ್ರಿ. ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದು ಘಟನೆಯ ಮಾರನೇ ದಿನ." ಸಾಕು. ಪೂರ್ತಿ ಪಾಟೀಸವಾಲು ಮಾಡಿ ನಿಮ್ಮ ಪ್ರತಾಪ ತೋರಿಸಬೇಡಿ. ನಂತರ ವಿದ್ಯಾರ್ಥಿ ಅದನ್ನೇ ಮತ್ತೆ ಮಾಡುತ್ತಾರೆ.

ತಿದ್ದುವುದು ನಾಲ್ಕು ನಿಮಿಷದ ಕೆಲಸ. ನಮ್ಮವರಿಗೆ ಇದು ಕಷ್ಟ. ಎದ್ದು ನಿಂತರೆ 'ತುಂಬಾ ಚೆನ್ನಾಗಿ ಮಾಡಿದ್ರಿ, ಆದರೆ...' ಅಂತ ಶುರು ಮಾಡಿ ಏಳು ತಪ್ಪು ಹೇಳಿ ಕೂರುತ್ತೇವೆ. ಮನೆಗೆ ಹೋಗುವ ಹೊತ್ತಿಗೆ ವಿದ್ಯಾರ್ಥಿಗೆ ನೆನಪಿರುವುದು 'ಆದರೆ' ಮಾತ್ರ.

ಇಲ್ಲೂ ಒಂದು ಎಚ್ಚರ. ಎಲ್ಲರ ಮುಂದೆ ನೇರವಾಗಿ ತಿದ್ದುವುದು ಎಲ್ಲ ಕಡೆ ಸಲ್ಲುವುದಿಲ್ಲ. ಇಪ್ಪತ್ತು ವರ್ಷ ವಕಾಲತ್ತು ಮಾಡಿದವರನ್ನು ಅವರ ಜೂನಿಯರ್ ಎದುರಿಗೆ ತಿದ್ದಿದರೆ ಮಧ್ಯಾಹ್ನದ ಊಟದ ನಂತರ ಅವರು ಬರುವುದಿಲ್ಲ. ಜೂನಿಯರ್ ಕೂಡ ಸೀನಿಯರ್‌ಗಿಂತ ಚೆನ್ನಾಗಿ ಮಾಡಲು ಹಿಂಜರಿಯುತ್ತಾನೆ. ಅನುಭವದ ವರ್ಷ ನೋಡಿ ಗುಂಪು ಮಾಡಿ. ಒಂದೇ ಆಫೀಸಿನವರನ್ನು ಬೇರೆ ಬೇರೆ ಗುಂಪಿಗೆ ಹಾಕಿ. ಅಭ್ಯಾಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ತರಬೇತುದಾರರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ತೋರಿಸಲಿ. ಧ್ವನಿ, ನಿಲುವು, ಕೈ ಆಡಿಸುವುದು, ಇಂಥ ಮುಜುಗರದ ವಿಷಯಗಳೆಲ್ಲ ಆ ಕೋಣೆಗೇ ಇರಲಿ.

ಹೆಜ್ಜೆ 8: ಸಾಕ್ಷಿಯ ಸಂಸ್ಕೃತಿಯನ್ನು ಪಾಠದ ಒಳಗೆ ತನ್ನಿ

ರುವಾಂಡದ ನರಮೇಧದ ವಿಚಾರಣೆಗೆ ತಾಂಜಾನಿಯಾದ ಅರುಷಾದಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಇತ್ತು. 1998ರ ಸೆಪ್ಟೆಂಬರ್ 2ರಂದು ಅಕಾಯೆಸು ಕೇಸಿನಲ್ಲಿ ಅದು ಕೊಟ್ಟ ತೀರ್ಪಿನಲ್ಲಿ ಸಾಕ್ಷಿಗಳ ಬಗ್ಗೆಯೇ ಕೆಲವು ಪ್ಯಾರಾ ಇದೆ. ಅನೇಕ ಸಾಕ್ಷಿಗಳಿಗೆ ದಿನಾಂಕ, ಸಮಯ, ದೂರ ಖಚಿತವಾಗಿ ಹೇಳಲು ಆಗಲಿಲ್ಲ. ನಕ್ಷೆ ತೋರಿಸಿದರೆ ಗುರುತು ಹಿಡಿಯಲು ಕಷ್ಟಪಟ್ಟರು. ಕಣ್ಣಾರೆ ಕಂಡದ್ದನ್ನೂ ಊರಲ್ಲಿ ಕೇಳಿದ್ದನ್ನೂ ಒಂದೇ ಥರ ಹೇಳಿದರು. ಪ್ರಶ್ನೆಗೆ ನೇರ ಉತ್ತರ ಕೊಡದೆ ಸುತ್ತಿ ಬಂದರು. ಮಂಡಳಿ ಇದನ್ನು ಸುಳ್ಳಿನ ಗುರುತು ಅಂತ ತೆಗೆದುಕೊಳ್ಳಲಿಲ್ಲ, ಬಾಯಿಮಾತಿನ ಪರಂಪರೆಯ ಸಮಾಜದ ರೀತಿ ಅಂತ ನೋಡಿತು.

ಓದಿದಾಗ ನನಗೆ ರುವಾಂಡ ದೂರ ಅನ್ನಿಸಲಿಲ್ಲ. ನಮ್ಮ ಸಾಕ್ಷಿಗೂ ಘಟನೆ ನಡೆದದ್ದು 'ದನ ಬರೋ ಹೊತ್ತಿಗೆ', 'ಯುಗಾದಿ ಆಗಿ ಎಂಟು ದಿನಕ್ಕೆ'. ದೂರ 'ಒಂದು ಕೂಗಳತೆ'. ಪಾಟೀಸವಾಲಿನಲ್ಲಿ "ಎಷ್ಟು ಮೀಟರ್?" ಅಂತ ಕೇಳಿ "ಇಪ್ಪತ್ತು" ಅಂತ ಬರಿಸಿ, ಮಹಜರಿನಲ್ಲಿ (ಪೊಲೀಸರ ಸ್ಥಳ ಪರಿಶೀಲನೆಯ ದಾಖಲೆಯಲ್ಲಿ) ಅರವತ್ತು ಇದೆ ಅಂತ ಗೆದ್ದ ಮುಖ ಮಾಡುವ ವಕೀಲರಿಗೆ ಲೆಕ್ಕವಿಲ್ಲ. ಅನುಭವಿ ನ್ಯಾಯಾಧೀಶರು ಅದಕ್ಕೆ ಕಾಸಿನ ಬೆಲೆ ಕೊಡುವುದಿಲ್ಲ. ಬೇರೆ ಥರ ಕಲಿಸಿ: "ಈ ಕಟಕಟೆಯಿಂದ ಆ ಬಾಗಿಲಷ್ಟು ದೂರಾನಾ? ಜಾಸ್ತೀನಾ?" ಉತ್ತರ ಬಂದ ಮೇಲೆ ಆ ದೂರವನ್ನು ದಾಖಲಿಸುವಂತೆ ನ್ಯಾಯಾಧೀಶರನ್ನು ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಕಾಗದದಲ್ಲಿ ಉಳಿಯುವುದು 'ಆ ಬಾಗಿಲಷ್ಟು' ಅಂತ, ಓದುವವರಿಗೆ ಆ ಬಾಗಿಲು ಎಲ್ಲಿದೆ?

ಆಸ್ಟ್ರೇಲಿಯಾದ ಮೂಲನಿವಾಸಿಗಳ ವಿಷಯದಲ್ಲಿ ಇನ್ನೊಂದು ಪಾಠ ಇದೆ. ಅಧಿಕಾರದಲ್ಲಿ ಇರುವವರು ಒತ್ತಿ ಕೇಳಿದಾಗ, ಪ್ರಶ್ನೆ ಅರ್ಥವಾಗದಿದ್ದರೂ, ನಿಜ ಅಲ್ಲದಿದ್ದರೂ 'ಹೌದು' ಅಂದುಬಿಡುವುದು. ಡಯಾನಾ ಈಡ್ಸ್ ಎಂಬ ಭಾಷಾವಿಜ್ಞಾನಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಅವರಲ್ಲಿ ಉತ್ತರಕ್ಕೆ ಮುಂಚೆ ಸುಮ್ಮನಿರುವುದು ಸಹಜ, ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು ಮರ್ಯಾದೆ. ನಗರದ ಜ್ಯೂರಿಗೆ ಎರಡೂ ಸುಳ್ಳಿನ ಗುರುತಿನಂತೆ ಕಾಣುತ್ತವೆ. 1976ರಲ್ಲೇ ಅಲ್ಲಿನ ಉತ್ತರ ಪ್ರಾಂತದ ಸುಪ್ರೀಂ ಕೋರ್ಟು ಅನುಂಗಾ ಕೇಸಿನಲ್ಲಿ ಪೊಲೀಸರಿಗೆ ನಿಯಮ ಹಾಕಿಕೊಟ್ಟಿತು. ಹಕ್ಕುಗಳನ್ನು ಓದಿ ಹೇಳಿ 'ಗೊತ್ತಾಯ್ತಾ?' ಅಂತ ಕೇಳಿದರೆ ಸಾಲದು, ಹೇಳಿದ್ದನ್ನು ತುಂಡು ತುಂಡಾಗಿ ಅವರ ಬಾಯಲ್ಲೇ ವಾಪಸ್ ಹೇಳಿಸಬೇಕು ಅಂತ. ನಾನು ಇದನ್ನು ಶಿಬಿರದಲ್ಲಿ ಕಕ್ಷಿದಾರರ ಸಂದರ್ಶನಕ್ಕೂ ಬಳಸುತ್ತೇನೆ. "ಗೊತ್ತಾಯ್ತಾ?" ಎಂಬ ಪ್ರಶ್ನೆಗೆ ನಮ್ಮ ಕಕ್ಷಿದಾರನೂ "ಆಯ್ತು ಸ್ವಾಮಿ" ಅಂತಲೇ ಅನ್ನುವುದು, ಅಲ್ವಾ?

ಅಭ್ಯಾಸದಲ್ಲಿ ಸಾಕ್ಷಿಯ ಪಾತ್ರವನ್ನು ವಕೀಲರಿಗೆ ಕೊಡಬೇಡಿ. ಅವರು ಜಾಣತನ ತೋರಿಸುತ್ತಾರೆ. ಡೇರಿಯವರು, ಹೊಲದವರು, ಆಶಾ ಕಾರ್ಯಕರ್ತೆ, ಯಾರನ್ನಾದರೂ ಕೇಳಿಕೊಳ್ಳಿ. ಊಟ ಕೊಡಿ, ದಿನದ ಕೂಲಿ ಕೊಡಿ.

ಹೆಜ್ಜೆ 9: ದುಭಾಷಿ ಇದ್ದಾಗ

ಮಂಗಳೂರಿನಲ್ಲಿ ತುಳು ಮಾತಾಡುವ ಅಜ್ಜಿ ಸಾಕ್ಷಿ. ಹೇಳಿಕೆ ಕನ್ನಡದಲ್ಲಿ. ಹೈಕೋರ್ಟಿಗೆ ಹೋದರೆ ಇಂಗ್ಲಿಷ್. ಒಂದೇ ಮಾತು ಎರಡು ಸಲ ಚರ್ಮ ಬದಲಿಸುತ್ತದೆ. ಅಕಾಯೆಸು ಕೇಸಿನಲ್ಲೂ ಕಿನ್ಯರ್ವಾಂಡ ಭಾಷೆಯಿಂದ ಫ್ರೆಂಚ್ ಮತ್ತು ಇಂಗ್ಲಿಷಿಗೆ ಹೋಗುವಾಗ ಕೆಲವು ಪದಗಳ ಅರ್ಥಕ್ಕಾಗಿಯೇ ಭಾಷಾತಜ್ಞರನ್ನು ಕರೆಸಬೇಕಾಯಿತು.

ಕಲಿಸಬೇಕಾದ್ದು ಕಡಿಮೆ. ಸಾಕ್ಷಿಯನ್ನು ನೋಡಿ ಮಾತಾಡಿ, ದುಭಾಷಿಯನ್ನು ಅಲ್ಲ. ವಾಕ್ಯ ಹತ್ತು ಪದ ದಾಟದಿರಲಿ. ಗಾದೆ, ವ್ಯಂಗ್ಯ ಬೇಡ. ನೆಂಟಸ್ತಿಕೆಯ ಪದ ಮೊದಲೇ ಬಿಡಿಸಿಕೊಳ್ಳಿ: ಮಾವ ಅಂದರೆ ಹೆಂಡತಿಯ ಅಪ್ಪನೂ ಆಗಬಹುದು, ಅಮ್ಮನ ಅಣ್ಣನೂ ಆಗಬಹುದು, ದುಭಾಷಿ ಬರೀ 'ಅಂಕಲ್' ಅಂದುಬಿಟ್ಟರೆ ಯಾವ ಮಾವ ಅಂತ ತಿಳಿಯುವುದಿಲ್ಲ. ಅಭ್ಯಾಸಕ್ಕೆ ದುಭಾಷಿ ಸಿಗದಿದ್ದರೆ ಎರಡು ಭಾಷೆ ಬಲ್ಲ ವಿದ್ಯಾರ್ಥಿಯನ್ನೇ ಕೂರಿಸಿ, ನಡುನಡುವೆ ಬೇಕಂತಲೇ ತಪ್ಪು ಅನುವಾದ ಮಾಡಲು ಹೇಳಿ. ಯಾರು ಹಿಡಿಯುತ್ತಾರೆ ನೋಡಿ.

ಹೆಜ್ಜೆ 10: ಪದ್ಧತಿಯೇ ಬದಲಾಗುತ್ತಿರುವ ದೇಶಗಳಲ್ಲಿ

ಇಟಲಿ 1989ರಲ್ಲಿ ಹೊಸ ಸಂಹಿತೆಯ ಮೂಲಕ ಪಾಟೀಸವಾಲನ್ನು ಒಳಗೆ ಬಿಟ್ಟುಕೊಂಡಿತು. ಚಿಲಿ 2000ದಿಂದ 2005ರ ನಡುವೆ ಒಂದೊಂದೇ ಪ್ರಾಂತವಾಗಿ ಬಾಯಿಮಾತಿನ ವಿಚಾರಣೆಗೆ ಬಂತು. ಮೆಕ್ಸಿಕೊ 2008ರಲ್ಲಿ ಸಂವಿಧಾನ ತಿದ್ದಿ ಎಂಟು ವರ್ಷದ ಗಡುವು ಹಾಕಿಕೊಂಡಿತು. ಇಂಥ ಕಡೆ ಹಳೆಯ ವಕೀಲರು ಫೈಲಿನ ಮನುಷ್ಯರು. ಕಾಗದ ಓದುವುದರಲ್ಲಿ ನಮ್ಮನ್ನು ಮೀರಿಸುತ್ತಾರೆ. ಅವರನ್ನು ಅನಕ್ಷರಸ್ಥರಂತೆ ನೋಡುವ ತರಬೇತುದಾರರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅವರ ಬಲದಿಂದಲೇ ಶುರು ಮಾಡಿ. ಫೈಲಿನಿಂದ ವಿರೋಧಾಭಾಸ ಹುಡುಕಿಸಿ. ಆಮೇಲೆ 'ಇದನ್ನೇ ಫೈಲು ಓದದ ಆರು ಜನರಿಗೆ ಬಾಯಲ್ಲಿ ಹೇಳಿ' ಅನ್ನಿ. ನ್ಯಾಯಾಧೀಶರೇ ಪ್ರಶ್ನೆ ಕೇಳುವ ದೇಶವಾದರೆ 'ಅವರು ಕೇಳಿ ಮುಗಿಸಿದ ಮೇಲೆ ನಿಮಗೆ ಮೂರೇ ಪ್ರಶ್ನೆ ಸಿಕ್ಕರೆ ಯಾವುದು ಕೇಳುತ್ತೀರಿ?' ಎಂಬ ಅಭ್ಯಾಸ ಕೊಡಿ. ಸತ್ಯ ಹೇಳಬೇಕೆಂದರೆ ನಮ್ಮವರಿಗೂ ಇದು ಬೇಕು. ಸಾಕ್ಷ್ಯ ಅಧಿನಿಯಮದ 168ನೇ ಕಲಮಿನಲ್ಲಿ ನಮ್ಮ ನ್ಯಾಯಾಧೀಶರೂ ಯಾವ ಪ್ರಶ್ನೆಯನ್ನಾದರೂ ಕೇಳಬಹುದು. ಅವರು ಕೇಳಿದಾಗ ನಮ್ಮ ವಕೀಲರ ಅರ್ಧ ಜಂಘಾಬಲ ಉಡುಗಿರುತ್ತದೆ.

ಹೆಜ್ಜೆ 11: ಎರಡು ದಿನದ ಲೆಕ್ಕ

24 ಜನ, ತಲಾ 6ರ ನಾಲ್ಕು ಗುಂಪು, ಗುಂಪಿಗೆ ಇಬ್ಬರು ತರಬೇತುದಾರರು. ಅದರಲ್ಲಿ ಒಬ್ಬರಾದರೂ ಅಲ್ಲಿನವರೇ ಇರಬೇಕು, ಅದರಲ್ಲಿ ರಾಜಿ ಇಲ್ಲ. ಒಬ್ಬರಿಗೆ 4 ನಿಮಿಷ ಅಭ್ಯಾಸ, 4 ನಿಮಿಷ ತಿದ್ದುಪಡಿ, 2 ನಿಮಿಷ ಮತ್ತೆ. ಒಂದು ಸುತ್ತಿಗೆ ಒಂದು ಗಂಟೆ. ಮೊದಲ ದಿನ ಒಂದು ವಾಕ್ಯದ ಕೇಸು, ಮುಖ್ಯ ವಿಚಾರಣೆ, ಪಾಟೀಸವಾಲಿನ ಮೊದಲ ಸುತ್ತು. ಎರಡನೇ ದಿನ ಟಾರ್ಚಿನ ವಿರೋಧಾಭಾಸ, ದುಭಾಷಿ, ಮಧ್ಯಾಹ್ನ ಒಂದು ಪೂರ್ಣ ಅಣಕು ವಿಚಾರಣೆ. ಉಪನ್ಯಾಸ ದಿನಕ್ಕೆ 30 ನಿಮಿಷ ಮೀರದಿರಲಿ. ಉದ್ಘಾಟನೆ, ಹಾರ, ಸ್ವಾಗತ ಭಾಷಣ ಎಲ್ಲವನ್ನೂ ಮುಗಿಸುವ ಹೊತ್ತಿಗೆ ಹನ್ನೊಂದೂವರೆ ಆಗುವ ಶಿಬಿರಗಳನ್ನು ನಾನು ಈಗ ಒಪ್ಪಿಕೊಳ್ಳುವುದಿಲ್ಲ.

ಅಣಕು ವಿಚಾರಣೆಯಲ್ಲಿ ನ್ಯಾಯಾಧೀಶರ ಪಕ್ಕ ಒಬ್ಬ ಟೈಪಿಸ್ಟ್ ಇರಲಿ. ಸಂಜೆ ಆ ಕಾಗದವನ್ನು ಎಲ್ಲರಿಗೂ ಹಂಚಿ. ತಾನು ಕೇಳಿದ್ದು ಏನು, ಉಳಿದದ್ದು ಏನು ಅಂತ ಪ್ರತಿಯೊಬ್ಬರೂ ಓದಲಿ. ನನ್ನ ಇಡೀ ಶಿಬಿರದಲ್ಲಿ ಜನ ಸುಮ್ಮನಾಗುವ ಏಕೈಕ ಹದಿನೈದು ನಿಮಿಷ ಅದು. ಕಾಲೇಜಿನಲ್ಲಿ ಮೂಟ್ ಕೋರ್ಟ್ (ಕಾನೂನು ವಿದ್ಯಾರ್ಥಿಗಳ ವಾದ ಸ್ಪರ್ಧೆ) ಬಹುಮಾನ ಗೆದ್ದವರೂ ಅಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಮೂಟ್ ಕೋರ್ಟಿನಲ್ಲಿ ಕಾನೂನಿನ ವಾದ ಕಲಿಯಬಹುದು. ಸಾಕ್ಷಿ ಅಲ್ಲಿ ಬರುವುದೇ ಇಲ್ಲ.

ಹೆಜ್ಜೆ 12: ಮೂರು ತಿಂಗಳ ನಂತರ

ಶಿಬಿರದ ಕೊನೆಯಲ್ಲಿ ತುಂಬಿಸಿಕೊಳ್ಳುವ ಅಭಿಪ್ರಾಯ ಫಾರಂ ನಂಬಬೇಡಿ. ಊಟ ಚೆನ್ನಾಗಿದ್ದರೆ ಎಲ್ಲರೂ 'ಅತ್ಯುತ್ತಮ' ಅಂತ ಗುರುತು ಹಾಕುತ್ತಾರೆ. ಬದಲಿಗೆ ಪ್ರತಿಯೊಬ್ಬರಿಂದ ಎರಡು ಪಾಟೀಸವಾಲಿನ ನಕಲು ಕೇಳಿ, ಶಿಬಿರಕ್ಕೆ ಮುಂಚಿನದು ಒಂದು, ನಂತರದ್ದು ಒಂದು. ಹೆಸರು, ಕೇಸ್ ನಂಬರ್ ಎಲ್ಲ ಮುಚ್ಚಿ ಕಳಿಸಲಿ. ಧ್ವನಿಮುದ್ರಣ ಇರುವ ದೇಶದಲ್ಲಿ ಅದರ ಬರಹರೂಪ ಕೇಳಿ. ನಮ್ಮಲ್ಲಾದರೆ ಒಂದೇ ಕೆಲಸ: 'ಎಂದರೆ ಸರಿ' ಎಷ್ಟು, 'ಎಂದರೆ ಸರಿಯಲ್ಲ' ಎಷ್ಟು, ಎಣಿಸಿ.

ಆ ತಾಲೂಕು ಕೋರ್ಟಿನ ಹುಡುಗ, ಮುಂದಿನ ಶಿಬಿರಕ್ಕೂ ಬಂದಿದ್ದ, ಆಮೇಲೆ ಎರಡು ನಕಲು ಕಳಿಸಿದ. ಹಳೆಯದರಲ್ಲಿ ಪುಟದ ಮೇಲಿಂದ ಕೆಳಗಿನವರೆಗೂ 'ಸರಿಯಲ್ಲ'. ಹೊಸದರಲ್ಲಿ ಮೊದಲ ಅರ್ಧ ಪುಟ ಸಾಲಾಗಿ 'ಸರಿ', 'ಸರಿ'. 'ಸರಿಯಲ್ಲ' ಬಂದದ್ದು ಕೊನೆಯ ಮೂರು ಸಜೆಷನ್‌ಗಳಲ್ಲಿ. ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ: "ಸರ್, ಓಡಾಡಲಿಲ್ಲ."